ಕ್ಯಾಂಡಿಯಲ್ಲಿ ಹರಿದ ತಂತಿ

ದೂರದಲ್ಲಿದ್ದವರ ದನಿ ಕೇಳಿಸಿತು, ಯಾರೋ ಬಂದು ನಿಂತಂತಾಯಿತು ಎಂದು ಯಾರಾದರೂ ಹೇಳಲು ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ವಿಜ್ಞಾನ ಓದಿದವಳು ಎಂಬ ಜಂಬವೂ ಇತ್ತು. ಈಗ ಕೂತು ಕೇಳುತ್ತೇನೆ. ನಂಬಿಕೆ ಬಂದಿದೆ ಎಂದಲ್ಲ. ನನಗೆ ಆದದ್ದನ್ನು ನಾನೇ ಬಿಡಿಸಿ ಹೇಳಲಾರೆ, ಅಷ್ಟೆ.

ನಮ್ಮೂರು ಸಿರುಗುಪ್ಪ. ಡಿಗ್ರಿ ಓದಲು ಬಳ್ಳಾರಿಗೆ ಬಂದು ಪಾರ್ವತಿನಗರದಲ್ಲಿ ರೂಮು ಮಾಡಿಕೊಂಡಿದ್ದೆ. ಕಂಟೋನ್ಮೆಂಟಿನ ಹಳೇ ಬಂಗಲೆಯೊಂದರಲ್ಲಿ ವಿದ್ಯಾರ್ಥಿಗಳ ವಾದ್ಯವೃಂದ ಅಭ್ಯಾಸ ಮಾಡುತ್ತಿತ್ತು. ಅಲ್ಲಿ ನಾನೂ ಕುರುಗೋಡಿನ ರೇಣುಕಾಳೂ ಒಂದೇ ಸ್ಟ್ಯಾಂಡಿನ ಮುಂದೆ ಒತ್ತಿಕೊಂಡು ಕೂತು ಪಿಟೀಲು ನುಡಿಸುತ್ತಿದ್ದೆವು. ನನಗಿಂತ ಚಿಕ್ಕವಳು, ಆದರೆ ಕೈ ನನಗಿಂತ ಚುರುಕು. ನಾನು ಎಲ್ಲಾದರೂ ತಡವರಿಸಿದರೆ ಮೊಣಕೈಯಿಂದ ತಿವಿದು, ನಗು ತಡೆದುಕೊಳ್ಳುತ್ತ ನನ್ನ ಪಾಲನ್ನೂ ತಾನೇ ನುಡಿಸಿಬಿಡುತ್ತಿದ್ದಳು.

ನನ್ನ ಕೊನೆಯ ವರ್ಷ ನಮ್ಮ ತಂಡಕ್ಕೆ ಶ್ರೀಲಂಕಾದಿಂದ ಕರೆ ಬಂತು. "ವಿಮಾನದಾಗ ಕಿಟಕಿ ಕಡಿ ನಾನ ಕೂಡಾಕಿ, ಈಗ ಹೇಳೀನಿ ನೋಡಕ್ಕಾ" ಎಂದು ರೇಣುಕಾ ತಿಂಗಳಿಗೆ ಮುಂಚೆಯೇ ಜಾಗ ಹಿಡಿದಿದ್ದಳು. ಹೊರಡುವ ವಾರ ಅವಳಿಗೆ ಜ್ವರ ಬಂತು. ಸಾದಾ ಜ್ವರ ಅಂದರು. ಅವಳನ್ನು ಬಿಟ್ಟು ಹೋದೆವು.

ಅಲ್ಲಿನ ಕ್ಯಾಂಡಿ ಊರಿನಲ್ಲಿ ಕೊನೆಯ ಕಾರ್ಯಕ್ರಮ. ಇನ್ನೂ ಸಂಜೆಯ ಬೆಳಕಿತ್ತು. ಒಂದು ಕೃತಿಯ ನಡುವೆ ನಾವಿಬ್ಬರೇ ನುಡಿಸುವ ಭಾಗವಿತ್ತು. ಅವಳಿಲ್ಲದ್ದರಿಂದ ನಾನೊಬ್ಬಳೇ ನುಡಿಸಬೇಕಿತ್ತು. ಶುರುಮಾಡುತ್ತಲೇ ನನ್ನ ಮೇಲಿನ ತಂತಿ ಹರಿಯಿತು. ದಿಕ್ಕು ತೋಚದೆ ಕಮಾನನ್ನು ಸುಮ್ಮನೆ ಗಾಳಿಯಲ್ಲಿ ಆಡಿಸಿದೆ. ಆದರೆ ಪಿಟೀಲು ನಿಲ್ಲಲಿಲ್ಲ. ಆ ಭಾಗ ಪೂರ್ತಿ, ಒಂದು ಸ್ವರವೂ ಬಿಡದೆ, ನನ್ನ ಎಡಗಡೆಯಿಂದ, ರೇಣುಕಾ ಕೂರುತ್ತಿದ್ದ ಕಡೆಯಿಂದ ಕೇಳಿಸಿತು. ಆ ಕಡೆ ಕೂತ ತಂಡದವರು ಯಾರೋ ಕಾಪಾಡಿದರು ಅಂದುಕೊಂಡೆ. ಮುಗಿದ ಮೇಲೆ ಕೇಳಿದರೆ ಯಾರೂ ನುಡಿಸಿರಲಿಲ್ಲ. ನಮ್ಮ ಮಾಸ್ತರು, "ಆ ಜಾಗ ಇವತ್ತು ಭಾಳ ಚಲೋ ಬಾರಿಸಿದಿ" ಅಂದರು. ಹರಿದ ತಂತಿಯನ್ನು ನಾನು ಯಾರಿಗೂ ತೋರಿಸಲಿಲ್ಲ. ಇಳಿದುಕೊಂಡಿದ್ದ ಹೋಟೆಲಿನ ರೂಮಿಗೆ ಹೋಗಿ ಹೊಸದು ಹಾಕಿಕೊಂಡೆ.

ನಾವು ಬಳ್ಳಾರಿಗೆ ಮರಳುವ ಮೊದಲೇ ರೇಣುಕಾ ತೀರಿಕೊಂಡಿದ್ದಳು.

ಕುರುಗೋಡಿಗೆ ಹೋದೆ. ಅವಳ ತಾಯಿ ಈರಮ್ಮ ನನ್ನ ಕೈ ಹಿಡಿದು ಕೂರಿಸಿಕೊಂಡರು. ದವಾಖಾನೆಯ ಸಂಗತಿ ಹೇಳುತ್ತ ಹೇಳುತ್ತ, "ನೀವು ಕಡೀ ಸಲ ಬಾರಿಸೋ ದಿನ ಸಂಜಿ ಮುಂದ ಎದ್ದು ಕುಂತ್ಲು ಯವ್ವಾ. ಅಕ್ಕನ ತಂತಿ ಹರದೈತಿ, ಪಿಟೀಲು ಕೊಡು ಅಂದ್ಲು. ಪಿಟೀಲು ಮನ್ಯಾಗಿತ್ತು, ಎಲ್ಲಿಂದ ಕೊಡ್ಲಿ? ಬರೇ ಕೈ ಆಡಿಸಿದ್ಲು. ಆಮ್ಯಾಲೆ ಮಲಗಿದಾಕಿ ಕಣ್ಣು ತೆರೀಲಿಲ್ಲ" ಅಂದರು.

ಜ್ವರದ ತಾಪದಲ್ಲಿ ಆಡಿದ ಮಾತಿರಬಹುದು. ಅಭ್ಯಾಸದಲ್ಲಿ ನನ್ನ ತಂತಿ ಹಿಂದೆಯೂ ಹರಿದದ್ದುಂಟು. ಹೀಗೆಲ್ಲ ಸಮಾಧಾನ ಹೇಳಿಕೊಂಡೆ. ಆ ಎಡಗಡೆಯ ಸ್ವರಕ್ಕೆ ಮಾತ್ರ ಯಾವ ಸಮಾಧಾನವೂ ಒಗ್ಗಲಿಲ್ಲ. ಕೊನೆಗೆ ಆ ಸಂಜೆ ನಡೆದದ್ದನ್ನು ಈರಮ್ಮನಿಗೆ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

ಡಿಗ್ರಿ ಮುಗಿದವರು ತಂಡ ಬಿಡಬೇಕೆಂಬ ನಿಯಮ. ಮುಂದಿನ ತಿಂಗಳು ನಮ್ಮ ಬೀಳ್ಕೊಡುಗೆ ನಡೆಯಿತು. ಅದೇ ಕೃತಿ ನುಡಿಸೋಣ ಎಂದು ನಾನೇ ಕೇಳಿಕೊಂಡಿದ್ದೆ. ಈರಮ್ಮ ಕುರುಗೋಡಿನಿಂದ ಬಸ್ಸಿನಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಆ ಭಾಗ ಬಂದಾಗ ನಾನು ಕಮಾನು ಎತ್ತಿ ಹಿಡಿದುಬಿಟ್ಟೆ. ತಬಲಾ ಒಂದೇ ನಡೆಯುತ್ತಿತ್ತು. ಎಡಗಡೆ ಖಾಲಿ ಕುರ್ಚಿ. ಆ ಕಡೆಯಿಂದ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ದುಃಖ ಉಕ್ಕಿ ಕೈ ನಿಂತಿತೆಂದು ಮಾಸ್ತರು ತಿಳಿದರು. ಉಳಿದವರಿಗೆ ಸನ್ನೆ ಮಾಡಿ ಮುಂದಕ್ಕೆ ಸಾಗಿಸಿದರು.

ಎಲ್ಲ ಮುಗಿದ ಮೇಲೆ ಈರಮ್ಮನನ್ನು ಬಸ್ ಹತ್ತಿಸಲು ಹೋದೆ. ದಾರಿಯಲ್ಲಿ ಕೇಳಿದರು: "ಯಾಕ ನಿಲ್ಲಿಸಿದಿ ಯವ್ವಾ?"

"ಆಕಿ ಬಾರಸ್ತಾಳೇನಂತ ನೋಡಿದೆ."

ಅವರು ನನ್ನ ಕೈ ಹಿಡಿದುಕೊಂಡರು. ಆಮೇಲೆ ಮೆಲ್ಲಗೆ, "ನಾನೂ ಅದನ್ನ ಕೇಳಾಕ ಬಂದಿದ್ದೆ" ಅಂದರು.

ಕ್ಯಾಂಡಿಯಲ್ಲಿ ಅಷ್ಟು ಜನರಿಗೆ ಕೇಳಿಸಿದ್ದು, ಅವಳ ಹೆತ್ತ ತಾಯಿಗೆ ಯಾಕೆ ಒಂದು ಸಲವೂ ಕೇಳಿಸಲಿಲ್ಲ? ಇದು ನನಗೆ ಇವತ್ತಿಗೂ ತಿಳಿದಿಲ್ಲ.