ರಂಗೋಲಿ ಪುಡಿಯ ಎರಡು ಗುಡ್ಡ

ನನ್ನ ಯಜಮಾನರು ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮೈಯೊಳಗೆ ಕ್ಯಾನ್ಸರ್ ಎಲ್ಲಿದೆ ಎಂದು ಹುಡುಕುವ ಪೆಟ್ ಸ್ಕ್ಯಾನ್ ಯಂತ್ರವಿದೆಯಲ್ಲ, ಅದರೊಳಗೆ ಕಿರಣ ಹಿಡಿಯುವ ಡಿಟೆಕ್ಟರುಗಳನ್ನು ಪರೀಕ್ಷೆ ಮಾಡುವ ಕೆಲಸ. ಸಂಜೆ ಮನೆಗೆ ಬಂದಾಗ ಬೈಕಿನ ಕೀಲಿಯಿಂದ ಗೇಟಿನ ಪೈಪಿಗೆ ಎರಡು ಸಲ ಬಡಿಯುತ್ತಿದ್ದರು. ಅಡುಗೆಮನೆಯಲ್ಲಿ ನಾನು, ಹಿತ್ತಲಲ್ಲಿ ಅತ್ತೆ. ಯಾರಿಗೆ ಮೊದಲು ಕೇಳಿಸಿತೋ ಅವರು ಹೋಗಿ ಚಿಲಕ ತೆಗೆಯುವುದು.

ಅವರು ತೀರಿಹೋದ ಮೇಲೂ ನನಗೆ ಆ ಸದ್ದು ಕೇಳಿಸುತ್ತಿತ್ತು. ಅತ್ತೆಗೂ ಕೇಳಿಸುತ್ತಿದೆಯೇ ಎಂದು ಕೇಳುವ ಧೈರ್ಯವಿರಲಿಲ್ಲ. ಅದಕ್ಕೆ ಕಾರಣ ಹಿಂದೆ ಯಜಮಾನರೇ ಹೇಳಿದ ಒಂದು ಮಾತು.

ಒಂದು ರಜದ ಬೆಳಿಗ್ಗೆ ನಾನು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದೆ. ದಿನವಿಡೀ ಕಾರ್ಖಾನೆಯಲ್ಲಿ ಏನು ಮಾಡುತ್ತೀರಿ ಎಂದು ಅವರನ್ನು ಸುಮ್ಮನೆ ಕೇಳಿದೆ.

“ರೋಗಿಗೆ ಕೊಟ್ಟ ಮದ್ದಿನಿಂದ ಎರಡು ಕಿರಣ ಹೊರಡ್ತವೆ ಕಣೇ. ಒಂದು ಆ ಕಡೆ, ಒಂದು ಈ ಕಡೆ, ಒಟ್ಟಿಗೇ. ಎರಡೂ ಕಡೆ ನಮ್ಮ ಡಿಟೆಕ್ಟರ್ ಕಾಯ್ತಿರ್ತವೆ. ಯಾವ ಕಡೆಗೆ ಎಷ್ಟು ಮೊದಲು ಬಂತು ಅಂತ ತಿಳಿದ್ರೆ, ಹೊರಟ ಜಾಗ ತಿಳೀತು.”

“ಒಂದೇ ಕಡೆಗೆ ಬಂದ್ರೆ?”

“ಅದು ಲೆಕ್ಕಕ್ಕಿಲ್ಲ. ಯಂತ್ರ ಎಸೆದ್ಬಿಡುತ್ತೆ.”

ನನ್ನ ಕೈಯಿಂದ ಪುಡಿ ಕಿತ್ತುಕೊಂಡು, ಒಂದೇ ಬುಡದಿಂದ ಏಳುವ ಎರಡು ಗುಡ್ಡ ಬರೆದರು. ಒಂದು ದೊಡ್ಡದು, ಒಂದು ಸಣ್ಣದು. ಎರಡಕ್ಕೂ ಅಡ್ಡಲಾಗಿ ಒಂದು ಗೆರೆ.

“ಕಿರಣ ತಾಗಿದ್ರೆ ಡಿಟೆಕ್ಟರಿನ ಸಿಗ್ನಲ್ ಹೀಗೆ ಏರುತ್ತೆ. ಮುಂಚೆ ಅದು ಈ ಗೆರೆ ದಾಟಿದಾಗ ಬಂತು ಅಂತಿದ್ರು. ದೊಡ್ಡದು ಬೇಗ ದಾಟುತ್ತೆ, ಸಣ್ಣದು ತಡ. ಶುರುವಾಗಿದ್ದು ಮಾತ್ರ ಒಟ್ಟಿಗೇ. ಈಗ ಏರೋ ದಾರೀಲೇ ಹೀಗೆ ಚುಕ್ಕೆ ಚುಕ್ಕೆಯಾಗಿ ಅಂಕಿ ಹಿಡೀತೀವಿ. ಚುಕ್ಕೆ ಹಿಡಿದು ಕೆಳಗಿಳಿದ್ರೆ ಶುರುವಾದ ಬುಡ ಸಿಗುತ್ತೆ.”

ಅತ್ತೆ ಪೊರಕೆ ಹಿಡಿದು ಬಂದರು. “ಹೊಸಿಲ ಮುಂದೆ ಶಿವಗಂಗೆ ಬೆಟ್ಟ ಬರ್ದಿದ್ದೀಯಲ್ಲೋ, ನೆಂಟ್ರು ಹತ್ತಿಕೊಂಡು ಬರ್ಬೇಕಾ?”

“ದೊಡ್ಡ ಗುಡ್ಡ ನೀನೇ ಕಣವ್ವಾ. ನೀನು ಬಾಯಿ ತೆಗೆದ್ರೆ ಅರಿಶಿನಕುಂಟೆ ತನಕ ಕೇಳುತ್ತೆ. ಸಣ್ಣದು ಇವಳು.”

ಅತ್ತೆ ನಗುತ್ತಲೇ ಪೊರಕೆ ಎತ್ತಿ ಅವರನ್ನು ಅಟ್ಟಿದರು.

ಆ ವರ್ಷದ ಚಳಿಗಾಲದಲ್ಲಿ, ಕೆಲಸಕ್ಕೆ ಹೊರಟವರು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕುಳಿತರು. ಮತ್ತೆ ಏಳಲಿಲ್ಲ. ಅತ್ತೆಯ ಗೋಳಿಗೆ ಬೀದಿಯೆಲ್ಲ ಬಂದು ಸೇರಿತು. ನನಗೆ ಅಳು ಬರಲಿಲ್ಲ.

ತಿಥಿಯ ದಿನ ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. “ಗಂಡ ಹೋದ್ರೂ ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ ಕಣಮ್ಮ. ಕಲ್ಲು.”

ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವೆ ಮಾತೆಂದರೆ ಅನ್ನ, ನೀರು, ಕರೆಂಟು. ತೌರೂರು ಆವತಿಯಿಂದ ನನ್ನ ಅಣ್ಣ ಫೋನು ಮಾಡಿದ. “ಯಾಕಮ್ಮ ಅಲ್ಲಿ ಒಬ್ಳೇ ಮೂಗಿ ಹಂಗೆ ಇರ್ತೀಯಾ? ಭಾನುವಾರ ಬರ್ತೀನಿ, ಬಂದ್ಬಿಡು ತೌರಿಗೆ.” ಹೂಂ ಎಂದು ಸೀರೆ ಮಡಿಸಿ ಬ್ಯಾಗಿಗೆ ಹಾಕಿದೆ. ಇಲ್ಲೇ ಇರಲು ಮನಸ್ಸಿತ್ತು. ಆವತಿಯಲ್ಲಿ ಎಲ್ಲವೂ ಇದ್ದೀತು, ಈ ಗೇಟು ಇರುವುದಿಲ್ಲ. ಆದರೆ ಒಂದೇ ಕಡೆಗೆ ಬಂದದ್ದು ಲೆಕ್ಕಕ್ಕಿಲ್ಲ ಎಂದಿದ್ದರಲ್ಲ ಅವರು. ನನ್ನೊಬ್ಬಳಿಗೇ ಕೇಳುವ ಸದ್ದನ್ನು ನೆಚ್ಚಿ, ನನ್ನನ್ನು ಕಲ್ಲು ಎಂದವರ ಮನೆಯಲ್ಲಿ ಹೇಗಿರುವುದು?

ಶನಿವಾರ ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಟಣ್, ಟಣ್. ಸೌಟು ಕೈಯಲ್ಲೇ ಇತ್ತು, ನಡುಮನೆಗೆ ಬಂದೆ. ಹಿತ್ತಲ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಪಾತ್ರೆ ತೊಳೆಯುತ್ತಿದ್ದ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಇಬ್ಬರೂ ಗೇಟಿನತ್ತ ನೋಡಿದೆವು. ಅಲ್ಲಿ ಯಾರೂ ಇರಲಿಲ್ಲ.

“ನಿಂಗೂ ಕೇಳಿಸ್ತಾ?” ಅತ್ತೆಯ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ಹೂಂ ಅತ್ತೆ.”

“ಯಾವತ್ತಿಂದ?”

“ಅವ್ರನ್ನ ಮಣ್ಣು ಮಾಡಿ ಬಂದ ಸಂಜೆಯಿಂದ.”

ಅತ್ತೆ ಗೋಡೆ ಹಿಡಿದು ಕುಳಿತರು. “ನಂಗೂ ಅವತ್ತಿಂದ್ಲೇ ಕಣೇ. ಬಾಯಿ ಬಿಟ್ರೆ ಮುದುಕಿಗೆ ತಲೆ ಕೆಟ್ಟೋಯ್ತು ಅಂತೀರಾ ಅಂತ ಸುಮ್ನಿದ್ದೆ.” ನಾನೂ ಅವರ ಎದುರಿಗೆ ಕುಳಿತೆ. “ನಿಂಗೂ ಅವತ್ತಿಂದ್ಲೇನಾ...” ಎಂದು ಅತ್ತೆ ತಮ್ಮಷ್ಟಕ್ಕೇ ಅಂದುಕೊಂಡರು. ಒಗ್ಗರಣೆ ಸೀದ ವಾಸನೆ ಬಂತು. ಇಬ್ಬರೂ ಏಳಲಿಲ್ಲ. ನಾನು ಅತ್ತದ್ದು ಆಗ.

ಮರುದಿನ ಅಣ್ಣ ಬಂದ. ಅತ್ತೆಯೇ ಬಡಿಸಿದರು. ಅವನು ಉಂಡು, ಒಬ್ಬನೇ ಹಿಂದಿರುಗಿದ.

ಈಗಲೂ ಸಂಜೆ ಸದ್ದಾಗುತ್ತದೆ. ಇಬ್ಬರೂ ನಡುಮನೆಗೆ ಬರುತ್ತೇವೆ. ಚಿಲಕ ತೆಗೆಯಲು ಯಾರೂ ಹೋಗುವುದಿಲ್ಲ. ಒಂದಿಷ್ಟು ಹೊತ್ತು ನಿಂತಿದ್ದು, ಅತ್ತೆ ಹಿತ್ತಲಿಗೆ, ನಾನು ಒಲೆಯ ಹತ್ತಿರಕ್ಕೆ.