ಎರಡೂರಿನ ಕಡೆಯ ಅಧ್ಯಕ್ಷರು

ಸಭೆಯಲ್ಲಿ ಯಾರಾದರೂ ದನಿ ಏರಿಸಿದರೆ ಮೇಜಿನ ಕೆಳಗೆ ಅಧ್ಯಕ್ಷರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಮೂವತ್ತು ವರ್ಷ ಬೈಲಹೊಂಗಲ-ಧಾರವಾಡ ಬಸ್ಸು ಓಡಿಸಿದ ಕಾಲು. ನಿವೃತ್ತರಾದ ಮೇಲೂ ಅದು ಬ್ರೇಕು ಮರೆತಿರಲಿಲ್ಲ.

ಹಳ್ಳದ ಆಚೆ ಅವರ ಊರು, ಈಚೆ ನಮ್ಮದು. ಎರಡಕ್ಕೂ ಒಂದೇ ಪಂಚಾಯಿತಿ. ಅದನ್ನು ಎರಡಾಗಿ ಒಡೆಯುವ ಆದೇಶ ಬಂದಾಗ ಎರಡೂ ಊರಿನ ಸದಸ್ಯರ ಸಂಖ್ಯೆ ಸರಿಸಮವಾಗಿತ್ತು. ಕಡೆಯ ಒಂದು ವರ್ಷ ಕೂಡಿಯೇ ಆಡಳಿತ ನಡೆಸುವುದೆಂದು ಮಾತಾಯಿತು. ಎಲ್ಲರೂ ಡ್ರೈವರ್ ಕಾಕಾ ಎನ್ನುತ್ತಿದ್ದ ಅವರು ಅಧ್ಯಕ್ಷರು, ನಾನು ಉಪಾಧ್ಯಕ್ಷ.

ಕುರ್ಚಿ, ಕಪಾಟು, ದಫ್ತರಗಳ ಹಂಚಿಕೆ ಸುಲಭವಾಗಿಯೇ ಮುಗಿಯಿತು. ತಂಟೆ ಎದ್ದದ್ದು ನೀರಿನದು. ಎರಡೂ ಊರಿಗೆ ನೀರು ಕೊಡುವ ಬಾವಿ ಅವರ ಊರಲ್ಲಿತ್ತು. ಬೇರೆಯಾದ ದಿನವೇ ನಮ್ಮ ಕಡೆಯ ವಾಲ್ವ್ ಮುಚ್ಚುತ್ತೇವೆಂದು ಅವರ ಗುಂಪಿನ ಮುಖಂಡನೊಬ್ಬ ಹಟ ಹಿಡಿದ. ನನಗೆ ಸಿಟ್ಟು ನೆತ್ತಿಗೇರಿತು. ಅವರ ಊರಿನ ಮುಸ್ಲಿಮರ ಕಬರಸ್ತಾನ ನಮ್ಮ ಕಡೆ ಇತ್ತು; ಹಾಗಾದರೆ ಅದರ ದಾರಿಗೆ ಬೇಲಿ ಹಾಕುತ್ತೇವೆ ಎಂದುಬಿಟ್ಟೆ.

ಕಾಕಾನ ಹೆಂಡತಿಯ ಗೋರಿ ಅಲ್ಲಿತ್ತು. ಅದು ನನಗೆ ಗೊತ್ತಿತ್ತು. ಅವರು ಎಲ್ಲರಿಗೂ ಚಹಾ ತರಿಸಿ, ಸಭೆಯನ್ನು ಮರುದಿನಕ್ಕೆ ಮುಂದೂಡಿದರು.

ಮರುದಿನ ಅವರ ಗುಂಪಿನವರು, ನೀರಿನ ಮಾತು ಹಂಚಿಕೆಯ ಕರಾರಿನಲ್ಲಿ ಬಂದರೆ ಬೆಂಬಲ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಅವರನ್ನೇ ಹೆದರಿಸಿದರು. ಕಾಕಾ ಪೆನ್ನಿನ ಟೊಪ್ಪಿಗೆ ಮುಚ್ಚಿ ಕೆಳಗಿಟ್ಟರು.

"ತಗೋರಿ. ಆದ್ರ ನೀರಿನ ಮಾತು ಬರಿಯೂತನಕ ನಾ ಸಹಿ ಮಾಡೂದಿಲ್ಲ. ಆ ಊರಾಗೂ ಬಾಣಂತ್ಯಾರ ಅದಾರ, ಮುದುಕರು ಅದಾರ. ಮುಂಜಾನೆದ್ದು ಅವರು ನಳ ತಿರುವಿದ್ರ ನೀರು ಬರಬೇಕು."

ಕಬರಸ್ತಾನದ ಹೆಸರನ್ನೇ ಎತ್ತಲಿಲ್ಲ. ಅದಕ್ಕೆ ಬದಲು ಇದು ಎಂದು ಚೌಕಾಸಿ ಮಾಡಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ. ಅವರ ಕೈಯಿಂದ ಕಾಗದ ಇಸಿದುಕೊಂಡು ನೀರಿನ ಕರಾರು ಬರೆದೆ. ಅದರ ಕೆಳಗೆ, ಕಬರಸ್ತಾನದ ದಾರಿ ಯಾವತ್ತೂ ತೆರೆದಿರುತ್ತದೆ ಎಂದು ಸೇರಿಸಿ ಮೊದಲ ಸಹಿ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಆ ಮುಖಂಡನೂ ಪೆನ್ನು ಕೇಳಿದ.

ಹೊರಗೆ ಬಂದಾಗ ಕಾಕಾನ ಕ್ಷಮೆ ಕೇಳಿದೆ. "ಸಿಟ್ಟಿನ್ಯಾಗ ಗಾಡಿ ಬಿಡಬಾರದ್ರಿ ಉಪಾಧ್ಯಕ್ಷರ, ಅಷ್ಟ," ಎಂದು ಹೆಗಲ ಮೇಲೆ ಕೈಯಿಟ್ಟರು.

ಹೋದ ವರ್ಷ ಅವರು ತೀರಿಕೊಂಡರು; ಹೆಂಡತಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಈಗ ನಮ್ಮ ಪಂಚಾಯಿತಿಗೆ ನಾನು ಅಧ್ಯಕ್ಷ, ಆಚೆಯದಕ್ಕೆ ಅದೇ ಮುಖಂಡ. ಈ ಬೇಸಿಗೆಯಲ್ಲಿ ಬಾವಿಯ ತಳ ಕಾಣತೊಡಗಿದಾಗ ಅವನೇ ಮೊದಲು ಫೋನ್ ಮಾಡಿದ.

"ನಾಳಿಂದ ನಿಮಗ ಅರ್ಧ ತಾಸು ನೀರು ಕಡಿಮಿ ಬರತೈತಿ. ನಮಗೂ ಅಷ್ಟ."

ಆಗಲಿ ಎಂದೆ. ಈ ಮಾತು ಕೇಳಲು ಕಾಕಾ ಇರಬೇಕಿತ್ತು.