ಮೀನು ಕಾಣದ ಗಡಿಗೆ

ಚೆನ್ನೈಗೆ ಬಂದ ಮರುದಿನ ಬೆಳಿಗ್ಗೆ ನಾನು ಕಂಡ ಮೊದಲ ದೃಶ್ಯವೆಂದರೆ, ನನ್ನ ಕೊಡ ಎತ್ತಿಕೊಂಡು ಓಡುತ್ತಿದ್ದ ಒಬ್ಬ ಹೆಂಗಸು. ಬಾಗಿಲು ತೆರೆದಿಟ್ಟು ಒಳಗೆ ಹಾಲು ಕಾಯಿಸುತ್ತಿದ್ದೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದ ಆಕೆ ಹೇಳದೆ ಕೇಳದೆ ಒಳಗೆ ಬಂದು, ಮೂಲೆಯಲ್ಲಿದ್ದ ಹಿತ್ತಾಳೆ ಕೊಡವನ್ನೂ ಪ್ಲಾಸ್ಟಿಕ್ ಕೊಡವನ್ನೂ ಹಿಡಿದು ಹೊರಟೇಬಿಟ್ಟಳು. ತವರಿನವರು ಕೊಟ್ಟ ಕೊಡ! "ಕಳ್ಳಿ, ಕಳ್ಳಿ! ಹಿಡೀರಿ ಆಕಿನ್ನ!" ಎಂದು ರಾಣೆಬೆನ್ನೂರಿನ ಗಂಟಲಿನಲ್ಲಿ ಕಿರುಚುತ್ತ ಬರಿಗಾಲಲ್ಲಿ ಬೆನ್ನಟ್ಟಿದೆ. ಬೀದಿಯ ತಿರುವಿನಲ್ಲಿ ನೀರಿನ ಲಾರಿ ನಿಂತಿತ್ತು. ಅದರ ಮುಂದೆ ಬಣ್ಣಬಣ್ಣದ ಕೊಡಗಳ ಸಾಲು. ನನ್ನ ಕೊಡಗಳನ್ನು ತನ್ನವುಗಳ ಹಿಂದೆ ಇಟ್ಟು ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಇನ್ನಾಮ್ಮೇ, ತಣ್ಣಿ ವೇಣಾವಾ?" ಏನಮ್ಮಾ, ನೀರು ಬೇಡವಾ ಎಂದು ಕೇಳಿದ್ದು. ಕಳ್ಳಿ ಎಂಬ ಮಾತು ತಮಿಳರಿಗೂ ತಿಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಡೀ ಸಾಲು ಬಿದ್ದು ಬಿದ್ದು ನಕ್ಕಿತು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ ನಮ್ಮ ಕಡೆ. ನಾನು ನೀರಿಗೆ ಬಂದದ್ದು ಹೀಗೆ, ಬೈದುಕೊಂಡು.

ಆಕೆಯ ಹೆಸರು ದೇಸಮ್ಮ. ಗೋಡೆಯಾಚೆಯ ಮನೆಯವಳು. ಗಂಡ ವೇಲು ಫೈಬರ್ ದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದ, ಈಕೆ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಮಕ್ಕಳಿರಲಿಲ್ಲ. ಅಂದಿನಿಂದ ನಮ್ಮ ಬಾಗಿಲಿಗೆ ಬಂದಾಗಲೆಲ್ಲ "ಕಳ್ಳಿ ವಂದ್ಟಾ!" ಎಂದೇ ಕೂಗುತ್ತಿದ್ದಳು. ಕಳ್ಳಿ ಬಂದಳು, ಕೊಡ ಜೋಪಾನ ಎಂದು ಅರ್ಥ.

ನಮ್ಮ ಮನೆಯವರಿಗೆ ರೈಲ್ವೆಯಲ್ಲಿ ಕೆಲಸ. ವರ್ಗವಾಗಿ ಬಂದಾಗ ಬಾಡಿಗೆಗೆ ಮನೆ ಸಿಕ್ಕಿದ್ದು ತಿರುವೊಟ್ಟಿಯೂರಿನ ಈ ಮೀನುಗಾರರ ಬೀದಿಯಲ್ಲಿ. ಬಾಗಿಲು ತೆರೆದರೆ ರಸ್ತೆ, ರಸ್ತೆಯಾಚೆ ಕಲ್ಲಿನ ರಾಶಿ, ಅದರಾಚೆ ಸಮುದ್ರ. ಉತ್ತರಕ್ಕೆ ನೋಡಿದರೆ ಎಣ್ಣೂರಿನ ಹೊಗೆ ಕೊಳವೆಗಳು. ಎದುರಿಗೆ ಅಷ್ಟು ನೀರು, ಕುಡಿಯಲು ಮಾತ್ರ ಲಾರಿ ಬರಬೇಕು. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆ ಕಟ್ಟಿದವರು ಇಲ್ಲಿಗೆ ಬಂದಿರಲಿಕ್ಕಿಲ್ಲ. ಇಲ್ಲಿ ಉಪ್ಪಿಗೆ ಬರವಿಲ್ಲ. ಗಾಳಿಯಲ್ಲೇ ಉಪ್ಪು, ಊರಿನಿಂದ ತಂದ ಕಬ್ಬಿಣದ ಹಂಚು ಒಂದೇ ವಾರದಲ್ಲಿ ತುಕ್ಕು ಹಿಡಿಯಿತು.

ಅವ್ವ ಫೋನಿನಲ್ಲಿ ಕೇಳುತ್ತಿದ್ದಳು. "ಸಮುದ್ರದ ಬಾಜೂಕ ಮನಿ ಮಾಡೀರಂತಲ್ಲವಾ, ರಾತ್ರಿ ನಿದ್ದಿ ಹೆಂಗ ಬರ್ತೈತಿ?" ಬರುತ್ತಿರಲಿಲ್ಲ. ನಮ್ಮೂರಿನಲ್ಲಿ ರಾತ್ರಿ ಎಂದರೆ ನಾಯಿ ಬೊಗಳಿ ಸುಮ್ಮನಾಗುತ್ತದೆ. ಇಲ್ಲಿ ಸಮುದ್ರ ಸುಮ್ಮನಾಗುವುದೇ ಇಲ್ಲ. ಇವರು ಡ್ಯೂಟಿಗೆ ಹೋದರೆ ಮಗು ಚಂದನಾಳನ್ನು ತೊಡೆಯ ಮೇಲೆ ಹಾಕಿಕೊಂಡು, ಕನ್ನಡದ ಒಂದು ಮಾತು ಕೇಳಿದರೆ ಸಾಕು ಎಂದು ಅಳುತ್ತಿದ್ದೆ.

ಎಲ್ಲಕ್ಕಿಂತ ಕಷ್ಟವಾದದ್ದು ಮೀನಿನ ವಾಸನೆ. ನಾವು ಮೊಟ್ಟೆಯನ್ನೂ ಮುಟ್ಟದವರು. ಬೀದಿಯ ತುಂಬ ಒಣಹಾಕಿದ ಮೀನು, ಸಂಜೆಯಾದರೆ ಮನೆಮನೆಯಲ್ಲಿ ಕುದಿಯುವ ಮೀನ್ ಕೊಳಂಬು, ಅಂದರೆ ಹುಣಸೆಹುಳಿಯ ಮೀನಿನ ಸಾರು. ಸೆರಗು ಮೂಗಿಗೆ ಹಿಡಿದೇ ಓಡಾಡುತ್ತಿದ್ದೆ. ಈ ಪಟ್ಟಣದ ಕೆಲವು ಬೀದಿಗಳಲ್ಲಿ ಮೀನು ತಿನ್ನುವವರಿಗೆ ಮನೆ ಸಿಗುವುದಿಲ್ಲ. ತಿನ್ನದ ನನಗೆ ಇಲ್ಲಿ ಸಿಕ್ಕಿತ್ತು, ಮೂಗು ಮುರಿಯುತ್ತಿದ್ದವಳೂ ನಾನೇ. ದೇಸಮ್ಮ ಕಂಡೂ ಕಾಣದಂತೆ ಇದ್ದಳು.

ಒಂದು ಮಳೆಗಾಲದಲ್ಲಿ ನನಗೆ ಜ್ವರ ಬಂತು. ಏಳಲಾರದ ಜ್ವರ. ಇವರಿಗೆ ರಜೆ ಸಿಕ್ಕಿರಲಿಲ್ಲ. ದೇಸಮ್ಮ ಬಂದು ಮಗುವನ್ನು ಎತ್ತಿಕೊಂಡು ಹೋದಳು, ಮಧ್ಯಾಹ್ನ ಮೆಣಸಿನ ಸಾರು ಅನ್ನ ತಂದಳು. ಎಷ್ಟು ಹಸಿದಿದ್ದರೂ ನನ್ನ ಕೈ ತಟ್ಟೆಗೆ ಹೋಗಲಿಲ್ಲ. ಆಕೆಗೆ ಅರ್ಥವಾಯಿತು.

"ತಿನ್ನು ಕಣ್ಣು. ಇದು ಹೊಸ ಗಡಿಗೆ. ಮೀನನ್ನ ನೋಡೇ ಇಲ್ಲ ಇದು."

ಆಕೆ ಆಡಿದ್ದು ತಮಿಳು, ಕಣ್ಣು ಎಂದರೆ ನಮ್ಮಲ್ಲಿ ಬಂಗಾರ ಎಂದಂತೆ. ಕನ್ನಡಕ್ಕೆ ತಂದರೆ ಅದರ ಬನಿ ಹೋಗುತ್ತದೆ, ಏನು ಮಾಡಲಿ. ನನಗೋಸ್ಕರ ಬೆಳಿಗ್ಗೆಯೇ ತೇರಡಿಯ ಪೇಟೆಗೆ ಹೋಗಿ ಹೊಸ ಸಟ್ಟಿ ತಂದಿದ್ದಳು. ಸಟ್ಟಿ ಎಂದರೆ ಅಗಲ ಬಾಯಿಯ ಮಣ್ಣಿನ ಗಡಿಗೆ. ಮಣ್ಣು ಒಮ್ಮೆ ಮೀನಿನ ರುಚಿ ಕಂಡರೆ ಬಿಡುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಎದ್ದು ಓಡಾಡುವಂತಾದ ಮೇಲೆ ಅವರ ಮನೆಗೆ ಹೋದಾಗ ನೋಡಿದೆ. ಹಳೆಯ ಬಲೆಯ ತುಂಡಿನಲ್ಲಿ ವೇಲು ಅಣ್ಣ ಒಂದು ನೆಲುವು ಹೆಣೆದು ಗೋಡೆಯ ಮೊಳೆಗೆ ಕಟ್ಟಿದ್ದ. ಅದರೊಳಗೆ, ಮೀನಿನ ಪಾತ್ರೆಗಳಿಂದ ದೂರ, ಬಟ್ಟೆ ಸುತ್ತಿದ ಆ ಗಡಿಗೆ. "ಗಿರಿಜಾ ಸಟ್ಟಿ" ಎಂದು ಅದಕ್ಕೆ ನನ್ನ ಹೆಸರನ್ನೇ ಇಟ್ಟಾಗಿತ್ತು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಅಂದಿನಿಂದ ಸೆರಗು ಮೂಗಿಗೆ ಹೋಗಲಿಲ್ಲ.

ನಾನು ಕೊಟ್ಟದ್ದೇನು? ಕಟಕ ರೊಟ್ಟಿ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು ಸುಟ್ಟು ಒಣಗಿಸಿದರೆ ತಿಂಗಳಾದರೂ ಕೆಡುವುದಿಲ್ಲವೆಂದು ಓದುಗರಿಗೆ ಹೇಳಬೇಕಿಲ್ಲ. ವೇಲು ಅಣ್ಣ ಮೊದಲ ಸಲ ಕಡಿದಾಗ "ಇನ್ನಾಮ್ಮಾ ಇದು, ಅಪ್ಪಳವಾ?" ಏನಮ್ಮಾ ಇದು, ಹಪ್ಪಳವಾ ಎಂದು ನಕ್ಕಿದ್ದ. ಆಮೇಲೆ ಅದಿಲ್ಲದೆ ದೋಣಿ ಹತ್ತುತ್ತಿರಲಿಲ್ಲ. ಕಡಲಲ್ಲಿ ಅನ್ನ ಹಳಸುತ್ತದೆ, ಇದು ಹಳಸುವುದಿಲ್ಲ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಜೋಡಿಸಿಕೊಂಡು ಹೋಗಿ, ದೋಣಿಯ ಮೇಲೇ ಬೇಯಿಸಿದ ಮೀನಿನ ಸಾರಿನಲ್ಲಿ ಮುರಿದು ಹಾಕಿಕೊಂಡು ತಿನ್ನುತ್ತಿದ್ದನಂತೆ. ನಮ್ಮೂರ ರೊಟ್ಟಿ ಬಂಗಾಳ ಕೊಲ್ಲಿಯಲ್ಲಿ ಮೀನಿನ ಜೊತೆ ಸಂಸಾರ ಮಾಡುತ್ತಿದೆ ಎಂದು ಅವ್ವನಿಗೆ ಹೇಳಿದರೆ, "ಶಿವನ!" ಎಂದು ಕಿವಿ ಮುಚ್ಚಿಕೊಂಡಳು.

ಚಂದನಾ ಬೆಳೆದದ್ದು ಅರ್ಧ ನಮ್ಮ ಮನೆಯಲ್ಲಿ, ಅರ್ಧ ಅವರಲ್ಲಿ. ನಾನು "ಊಟ ಮಾಡವಾ" ಎಂದರೆ "ಎನಕ್ಕು ಪಸಿಕ್ಕಲ" ಎನ್ನುತ್ತಾಳೆ. ಹಸಿವಿಲ್ಲವಂತೆ. ಕನ್ನಡ ಕೇಳಿಸಿಕೊಳ್ಳುತ್ತಾಳೆ, ಉತ್ತರ ತಮಿಳಿನಲ್ಲಿ. ಇವಳದು ದೇಸಮ್ಮನ ತಮಿಳು, ಮೀನುಗಾರರ ಬೀದಿಯ ಮಾತೆಂದು ಶಾಲೆಯಲ್ಲಿ ನಗುತ್ತಾರೆ.

ಇಷ್ಟಾದರೂ ನಾನು ಬಯಸಿದ್ದು ಬೇರೆ. ನಗರದ ದಕ್ಷಿಣ ತುದಿಯ ತಾಂಬರಂನಲ್ಲಿ ರೈಲ್ವೆ ಕ್ವಾರ್ಟರ್ಸ್, ಅಲ್ಲಿ ನಲ್ಲಿ ನೀರು, ಸುತ್ತ ರೈಲ್ವೆ, ಬ್ಯಾಂಕು ಎಂದು ಕೆಲಸ ಮಾಡುವ ಕನ್ನಡದ ಸಂಸಾರಗಳು. ವರ್ಷ ವರ್ಷವೂ ಇವರಿಂದ ಅರ್ಜಿ ಹಾಕಿಸುತ್ತಿದ್ದೆ. ಕೊನೆಗೆ ಸಿಕ್ಕಿತು. "ನಿನ್ನ ಹರಕಿ ತೀರಿತು ನೋಡು, ಇನ್ನ ಕೊಡ ಹೊರೂದು ತಪ್ಪಿತು" ಎಂದು ಇವರು ಪೇಡೆ ತಂದರು. ದೇಸಮ್ಮನಿಗೆ ಹೇಳಲು ಹೋದರೆ ಆಕೆ ಮೊದಲು ಗಡಿಗೆಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ. "ಹೋಗು, ಹೋಗು. ಮಗು ಓದಲಿ. ಇನ್ನು ಕದಿಯೋಕೆ ಬೇರೆ ಮನೆ ನೋಡ್ಕೋತೀನಿ" ಎಂದಳು.

ಆ ವಾರವೇ ವೇಲು ಅಣ್ಣನ ದೋಣಿ ಮರಳಲಿಲ್ಲ.

ಎಣ್ಣೂರಿನ ಬಳಿ ಹೊಳೆ ಕಡಲು ಸೇರುವಲ್ಲಿ ಅಲೆಗೆ ಮಗುಚಿತು ಎಂದು, ಈಜಿ ದಡ ಸೇರಿದ ಇಬ್ಬರು ಹೇಳಿದರು. ವೇಲು ಸೇರಿರಲಿಲ್ಲ. ಆ ಬೀದಿಯಲ್ಲಿ ಒಂದು ಪದ್ಧತಿ ಇದೆ. ಒಂದು ದೋಣಿಯ ಆಳು ಬಾರದಿದ್ದರೆ ಉಳಿದ ದೋಣಿಗಳು ಮೀನಿಗೆ ಹೋಗುವುದಿಲ್ಲ, ಹುಡುಕಲು ಹೋಗುತ್ತವೆ. ಯಾರ ಮನೆಯಲ್ಲೂ ಒಲೆ ಹತ್ತುವುದಿಲ್ಲ. ಹೆಂಗಸರೆಲ್ಲ ಕಲ್ಲಿನ ರಾಶಿಯ ಮೇಲೆ ಹೋಗಿ ಕೂರುತ್ತಾರೆ. ನಾನೂ ಕುಳಿತೆ, ನನ್ನ ಒಲೆಯನ್ನೂ ಹಚ್ಚಲಿಲ್ಲ. ದೇಸಮ್ಮ ಅಳಲಿಲ್ಲ, ಸಮುದ್ರವನ್ನು ಬೈಯುತ್ತಿದ್ದಳು, ಕುಡಿದು ಬಂದ ಗಂಡನನ್ನು ಬೈಯುವ ಮಾತುಗಳಲ್ಲಿ. ಮರುದಿನ ಅಲೆಯೇ ಅವನನ್ನು ತಂದು ಹಾಕಿತು.

ಹದಿನಾರನೆಯ ದಿನದ ಕಾರ್ಯ ಮುಗಿಯುವವರೆಗೆ ಅವರಲ್ಲಿ ಮೀನಿಲ್ಲ. ಮೀನು ಬೆಂದ ಪಾತ್ರೆಯೂ ಒಲೆಗೇರುವಂತಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅಡುಗೆಗೆಂದು ಪಾತ್ರೆ ಹುಡುಕಿದರೆ, ಆ ಮನೆಯಲ್ಲಿ ಮೀನು ಕಾಣದ್ದು ಒಂದೂ ಇರಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ದೇಸಮ್ಮ ಗೋಡೆಯ ಕಡೆ ಕೈ ತೋರಿಸಿದಳು. ವೇಲು ಅಣ್ಣ ಹೆಣೆದ ನೆಲುವಿನಿಂದ ನನ್ನ ಗಡಿಗೆಯನ್ನು ನಾನೇ ಇಳಿಸಿದೆ. ನನಗೆಂದು ಆಕೆ ಮಾಡಿದ್ದ ಅದೇ ಮೆಣಸಿನ ಸಾರನ್ನು ಆಕೆಗೆ ಮಾಡಿದೆ. ಇದಕ್ಕಾಗಿಯೇ ಆ ಗಡಿಗೆ ಇಷ್ಟು ವರ್ಷ ಚೊಕ್ಕವಾಗಿ ಕಾದಿತ್ತೇ ಎನಿಸಿತು.

ಆಕೆ ಮುಟ್ಟಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಆಮೇಲೆ ಮಗುಚಿದ ದೋಣಿಯನ್ನು ಎಳೆದು ತಂದವರು ಅದರಲ್ಲಿ ಉಳಿದದ್ದನ್ನು ಮನೆಗೆ ತಂದುಕೊಟ್ಟರು. ಹಗ್ಗ, ಒಂದು ಟಾರ್ಚು, ಗಟ್ಟಿ ಮುಚ್ಚಳದ ಡಬ್ಬಿ. ದೇಸಮ್ಮ ಡಬ್ಬಿ ತೆರೆದಳು. ಒಳಗೆ ಒಂದು ಹನಿ ನೀರು ಹೋಗಿರಲಿಲ್ಲ. ನಾನು ಬಡಿದ ರೊಟ್ಟಿಗಳು ಹಾಗೇ ಗರಿಗರಿಯಾಗಿದ್ದವು. ಅವನು ತಿಂದು ಉಳಿಸಿದ್ದ ಅರ್ಧ ರೊಟ್ಟಿ ಮೇಲೆಯೇ ಇತ್ತು. ಅದನ್ನು ಮುರಿದು, ನನ್ನ ಗಡಿಗೆಯ ಸಾರಿನಲ್ಲಿ ನೆನೆಸಿ, ನಿಧಾನವಾಗಿ ತಿಂದಳು. ಆಗ ಅತ್ತಳು. ನಾನು ಹೊರಗೆ ಹೋಗಿ ಅತ್ತೆ.

ಕ್ವಾರ್ಟರ್ಸ್ ಕಾಯುವುದಿಲ್ಲ. ಹೇಳಿದ ದಿನದೊಳಗೆ ಹೋಗಿ ಸೇರದಿದ್ದರೆ ಮುಂದಿನವರಿಗೆ ಹೋಗುತ್ತದೆ. "ಇನ್ನೊಂದೀಟು ದಿನ ಕೇಳ್ರಿ" ಎಂದು ಇವರನ್ನು ಗೋಗರೆದೆ. "ಕೇಳೀನಿ, ಆಗಂಗಿಲ್ಲ ಅಂದ್ರು. ಹುಡುಗಿ ಸಾಲಿ ನೋಡು" ಎಂದರು. ಬೇಡಿ ಬೇಡಿ ಪಡೆದದ್ದನ್ನು ಬೇಡವೆನ್ನುವುದು ಹೇಗೆ?

ಈಗ ತಾಂಬರಂನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನಲ್ಲಿ ತಿರುಗಿಸಿದರೆ ನೀರು. ಎದುರು ಮನೆಯವರು ಮೈಸೂರಿನವರು, ಮೇಲಿನವರು ಬಳ್ಳಾರಿಯವರು, ಕನ್ನಡಕ್ಕೆ ಬರವಿಲ್ಲ. ಒಳ್ಳೆಯ ಜನ, ಬಾಗಿಲು ತಟ್ಟಿಯೇ ಬರುತ್ತಾರೆ. ನನ್ನ ಮಾತಿನಲ್ಲಿ ತಮಿಳು ನುಸುಳಿದರೆ "ಏನ್ರೀ, ಪೂರ್ತಿ ಮದ್ರಾಸಿನವರಾಗ್ಬಿಟ್ಟಿದ್ದೀರಿ" ಎಂದು ನಗುತ್ತಾರೆ. ರಾಣೆಬೆನ್ನೂರಿಗೆ ಹೋದರೆ ಅವ್ವನೂ ಅದನ್ನೇ ಹೇಳುತ್ತಾಳೆ. ಇಲ್ಲಿ ರಾತ್ರಿ ಸದ್ದಿಲ್ಲ, ನಿದ್ದೆ ಬರುವುದಿಲ್ಲ.

ಹೊರಟ ದಿನದ ಮಾತೊಂದು ಉಳಿದಿದೆ. ಕಾರ್ಯಕ್ಕೆ ಇನ್ನೂ ದಿನಗಳಿದ್ದವು, ಮನೆಗೆ ಸೂತಕ. ಸಾವಿನ ಮನೆಯಿಂದ ಏಳುವಾಗ 'ಬರ್ತೀನಿ' ಅನ್ನಬಾರದು. ನಮ್ಮಲ್ಲೂ ಹಾಗೇ, ಅವರಲ್ಲೂ ಹಾಗೇ. ಬರುತ್ತೇನೆ ಎಂದರೆ ಇಂಥದ್ದೇ ಇನ್ನೊಂದಕ್ಕೆ ಬರುತ್ತೇನೆ ಎಂದಂತೆ. ಅಷ್ಟು ದಿನವೂ ನಾನು ಸಾರು ಇಟ್ಟು ಮಾತಿಲ್ಲದೆ ಎದ್ದು ಬರುತ್ತಿದ್ದೆ. ಗೋಡೆಯಾಚೆಗೆ ತಾನೇ. ಅಂದು ಲಾರಿಗೆ ಸಾಮಾನು ಏರಿತ್ತು, ಚಂದನಾ ಅತ್ತು ಅತ್ತು ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ಗಡಿಗೆ ತೊಳೆದು, ಬಟ್ಟೆ ಸುತ್ತಿ, ನೆಲುವಿನಲ್ಲಿ ಇಟ್ಟೆ. ದೇಸಮ್ಮನ ಕೈ ಹಿಡಿದೆ, ಬಿಟ್ಟೆ, ತಲೆ ತಗ್ಗಿಸಿ ಹೊಸ್ತಿಲು ದಾಟಿದೆ.

"ಗಿರಿಜಾ. ಸೊಲ್ಲಿಟ್ಟು ಪೋ."

ಹೇಳಿ ಹೋಗು ಎಂದಳು. ಹಿಂತಿರುಗಿ ನೋಡಿದೆ. ಆಕೆ ಹೊಸ್ತಿಲವರೆಗೆ ಬಂದಿದ್ದಳು.

"ಅಕ್ಕಾ, ಈ ಮನೆಯಲ್ಲಿ ಈಗ ಅದನ್ನ ಹೇಳಬಾರದು."

"ಇನ್ನು ಈ ಮನೆಯಿಂದ ಹೋಗೋಕೆ ಯಾರಿದ್ದಾರೆ? ನಾನೊಬ್ಬಳು. ನಾನು ಹೋದರೂ ನೀನು ಬರಲೇಬೇಕಲ್ಲ? ಹೇಳು."

ಇಷ್ಟು ವರ್ಷ ಆಕೆಯ ಜೊತೆ ತಮಿಳಿನಲ್ಲೇ ಮಾತಾಡಿದ್ದೆ. ಆ ಹೊತ್ತಿಗೆ ಒಂದು ತಮಿಳು ಮಾತೂ ಬಾಯಿಗೆ ಬರಲಿಲ್ಲ.

"ಬರ್ತೀನಿ, ಅಕ್ಕಾ."

ಆಕೆ ತಲೆಯಾಡಿಸಿ, ಬಾಗಿಲನ್ನು ತೆರೆದೇ ಇಟ್ಟು ಒಳಗೆ ಹೋದಳು.